ಗಾಳಿಗೊಂದು ಲಾಡಿ

ಮೊನ್ನೆ ನನ್ನ ಪೈಜಾಮದ ಲಾಡಿ ಒಳಗೆ ಸೇರಿಕೊಂಡಿತು. ನಿಮಗೂ ಆಗಿರುತ್ತದೆ. ಒಂದು ತುದಿ ಕೈಯಲ್ಲಿರುತ್ತದೆ, ಇನ್ನೊಂದು ತುದಿ ಪಟ್ಟಿಯೊಳಗೆ ಎಲ್ಲೋ ಅಡಗಿ ಕೂತು, ಹುಡುಕಿದಷ್ಟೂ ಹಿಂದೆ ಸರಿಯುತ್ತದೆ. ಇದರಲ್ಲಿ ಡಾಕ್ಟರು, ಇಂಜಿನಿಯರು, ಟೈಲರು ಎಂಬ ಭೇದವಿಲ್ಲ. ಎಲ್ಲರ ಮನೆಯಲ್ಲೂ ಮದ್ದು ಒಂದೇ: ಸೇಫ್ಟಿ ಪಿನ್ನು. ಪಿನ್ನನ್ನು ಲಾಡಿಯ ತುದಿಗೆ ಚುಚ್ಚಿ, ಪಟ್ಟಿಯೊಳಗೆ ಬಿಟ್ಟು, ಬಟ್ಟೆಯನ್ನು ಸುಕ್ಕು ಮಾಡುತ್ತ ಬಿಡಿಸುತ್ತ, ಹುಳು ತೆವಳಿದ ಹಾಗೆ ಅದನ್ನು ಆಚೆ ಬಾಯಿಗೆ ಮುಟ್ಟಿಸಬೇಕು. ನಾನು ಅದೇ ಧ್ಯಾನದಲ್ಲಿದ್ದಾಗ ಹೆಂಡತಿ ಶಾರದಾ ಅಡುಗೆಮನೆಯಿಂದ ಇಣುಕಿ, "ಏನ್ರೀ, ಮ್ಯೂಸಿಯಮ್ಮಿಗೆ ಇನ್ನೊಂದು ರೆಡಿ ಮಾಡ್ತಿದ್ದೀರಾ?" ಎಂದಳು.

ಈ ಮಾತಿನ ಹಿಂದೆ ಒಂದು ವಿಮಾನ ನಿಲ್ದಾಣವಿದೆ. ಹೇಳುತ್ತೇನೆ. ಆದರೆ ನಾನು ಹೇಳುವ ದಾರಿ ನೆಟ್ಟಗಿರುವುದಿಲ್ಲ. ನನ್ನ ಹೊಲಿಗೆ ಮಾತ್ರ ನೆಟ್ಟಗಿರುತ್ತದೆ. ಒಂದನ್ನು ಬಿಟ್ಟು.

ನಾನು ಓದಿದ್ದು ಆರನೇ ಕ್ಲಾಸು. ಐದನೆಯದನ್ನು ಎರಡು ಸಲ ಓದಿದ್ದರಿಂದ ಏಳು ಎಂದು ಹೇಳಿಕೊಂಡರೂ ಸುಳ್ಳಾಗುವುದಿಲ್ಲ. ಶಾಲೆಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಭಿನ್ನರಾಶಿ ಬರೆದು ನನ್ನನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ನಾನು ನಿಂತೇ ಇರುತ್ತಿದ್ದೆ. ಅದೇ ಭಿನ್ನರಾಶಿ ಸೋದರಮಾವ ಚಂದ್ರಪ್ಪನ ಟೇಪಿನ ಮೇಲೆ ಹನ್ನೊಂದೂ ಮುಕ್ಕಾಲು, ಹದಿಮೂರೂ ಕಾಲು ಎಂದು ಬಂದಾಗ ಒಂದೇ ಮಧ್ಯಾಹ್ನದಲ್ಲಿ ಅರ್ಥವಾಯಿತು. ಹಾಗಾದರೆ ತಪ್ಪು ನನ್ನದಲ್ಲ, ಬೋರ್ಡಿನದು ಎಂದು ತೀರ್ಮಾನಿಸಿ ಶಾಲೆ ಬಿಟ್ಟೆ. ಆ ನಿಲ್ಲುವ ಅಭ್ಯಾಸ ಮಾತ್ರ ನನ್ನನ್ನು ಬಿಡಲಿಲ್ಲ. ಇಂದಿಗೂ ಟೀಚರ್ ಎಂದು ಯಾರನ್ನಾದರೂ ಪರಿಚಯಿಸಿದರೆ ಕಾಲು ತಾನಾಗಿ ಎದ್ದು ನಿಲ್ಲುತ್ತದೆ.

ಮಾವನ ಅಂಗಡಿ ಬೆಂಗಳೂರಿನ ಕಾಟನ್‌ಪೇಟೆಯ ಒಂದು ಓಣಿಯಲ್ಲಿತ್ತು. ಹೆಂಗಸರ ಒಳಲಂಗ ಹೊಲಿಯುವುದರಲ್ಲಿ ಮಾವನದು ದೊಡ್ಡ ಕೈ. ಸೀರೆಯ ಬಣ್ಣಕ್ಕೆ ಸರಿಯಾಗಿ ಬಟ್ಟೆ ತಂದುಕೊಟ್ಟರೆ ಆರು ಪೀಸು ಕತ್ತರಿಸಿ, ಸೊಂಟಕ್ಕೆ ಕಿರಿದಾಗಿ ಕೆಳಗೆ ಅಗಲವಾಗಿ, ನಡೆದರೆ ಕಾಲಿಗೆ ತೊಡರದ ಹಾಗೆ ಹೊಲಿದುಕೊಡುತ್ತಿದ್ದ. ಅಂಗಡಿಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಲಾಡಿ ಪೋಣಿಸುವುದು. ಮಿಷನ್ನಿನ ಕೆಳಗೆ ಕೂತು, ಸುತ್ತ ಹಸಿರು, ನೀಲಿ, ಕೆಂಪು ಲಂಗಗಳ ಗುಡ್ಡೆ ಹಾಕಿಕೊಂಡು, ಪಿನ್ನು ಹಿಡಿದು ತೆವಳಿಸುತ್ತಿದ್ದೆ. ಒಂದು ಸಲ ಅವಸರದಲ್ಲಿ ಲಾಡಿಯೂ ಇಲ್ಲದ, ಲಾಡಿಯ ಪಟ್ಟಿಯೂ ಇಲ್ಲದ ಲಂಗವೊಂದು ಗಿರಾಕಿಯ ಕೈ ಸೇರಿಬಿಟ್ಟಿತು. ಆಕೆ ಮದುವೆ ಮನೆಯಿಂದಲೇ ಆಟೋ ಮಾಡಿಕೊಂಡು ಬಂದು, ತಾನು ಈಗ ಸೊಂಟಕ್ಕೆ ಏನು ಕಟ್ಟಿಕೊಂಡು ನಿಂತಿದ್ದೇನೆ ಎಂಬುದನ್ನು ಇಡೀ ಓಣಿಗೆ ಕೇಳುವ ಹಾಗೆ ಹೇಳಿದಳು. ಹೂವಿನ ಹಾರದ ದಾರ.

ಆಕೆ ಹೋದ ಮೇಲೆ ಮಾವ ನನ್ನ ಬಲಗೈ ಹಿಡಿದುಕೊಂಡ. "ಲೋ ನಂಜುಂಡ, ಲಾಡಿ ಪಟ್ಟಿ ಹೊಲೀದೆ ಲಂಗ ಮುಗೀತು ಅಂತ ಇನ್ನೊಂದ್ಸಲ ಕತ್ತರಿ ಕೆಳಗಿಟ್ಟೆ ಅನ್ನು, ಈ ಕೈ ಇರಲ್ಲ."

ಆ ಮಾತು ನನ್ನ ಕಿವಿಗೆ ಹೋಗಲಿಲ್ಲ, ನೇರವಾಗಿ ಕೈಗೆ ಹೋಯಿತು. ಅಲ್ಲೇ ಉಳಿದುಕೊಂಡಿತು.

ಕಾಟನ್‌ಪೇಟೆಯಿಂದ ಮಸ್ಕತ್‌ಗೆ, ಮಸ್ಕತ್‌ನಿಂದ ಐರ್ಲೆಂಡಿಗೆ ಬಂದ ಕಥೆ ಉದ್ದವಿದೆ. ಚಿಕ್ಕದಾಗಿ ಹೇಳುವುದಾದರೆ ಮಸ್ಕತ್‌ನಲ್ಲಿ ನನ್ನ ಮೇಲ್ವಿಚಾರಕನಾಗಿದ್ದ ಡೆನಿಸ್ ಎಂಬ ಐರಿಷ್ ಮನುಷ್ಯ ತನ್ನ ಊರಿಗೆ ಮರಳಿ ಮದುವೆ ಡೇರೆಗಳನ್ನು ಹೊಲಿಯುವ ಶೆಡ್ಡು ಹಾಕಿದ, ಪರ್ಮಿಟ್ಟು ಮಾಡಿಸಿ ನನ್ನನ್ನು ಕರೆಸಿಕೊಂಡ. ಇಲ್ಲಿಗೆ ಬರುವ ನಮ್ಮವರು ಲೀಕ್ಸ್‌ಲಿಪ್‌ನಲ್ಲಿ ಕಂಪ್ಯೂಟರ್ ಚಿಪ್ಪು ಮಾಡಲು ಬರುತ್ತಾರೆ, ಇಲ್ಲವೇ ಸ್ಲೈಗೋ ಆಸ್ಪತ್ರೆಯಲ್ಲಿ ಕೊರಳಿಗೆ ಸ್ಟೆತಾಸ್ಕೋಪು ಹಾಕಿಕೊಳ್ಳಲು ಬರುತ್ತಾರೆ. ಮೊದಲ ಸಲ ಕನ್ನಡದವರ ಹಬ್ಬದೂಟಕ್ಕೆ ಹೋದಾಗ ಒಬ್ಬ ಹುಡುಗ, "ಯಾವ ಕಂಪನಿ ಸಾರ್ ನೀವು?" ಎಂದ. "ಡೇರೆ" ಎಂದೆ. "ಓ, ಹೊಸಾ ಸ್ಟಾರ್ಟಪ್ಪಾ?" ಎಂದ. ಹೌದು ಎಂದು ಹೋಳಿಗೆ ತಿಂದೆ.

ನನ್ನ ಹೆಸರಿನ ಕಥೆಯೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನಂಜುಂಡ ಎನ್ನಲು ಡೆನಿಸ್‌ಗೆ ನಾಲಗೆ ಹೊರಳಲಿಲ್ಲ. ಮಸ್ಕತ್‌ನಲ್ಲೇ 'ನ್ಯಾನ್' ಎಂದು ಕತ್ತರಿಸಿದ್ದ. ಇಲ್ಲಿಗೆ ಬಂದ ಮೇಲೆ ಊರೆಲ್ಲ ನ್ಯಾನ್ ಎಂದಿತು. ಕರೆದವರೆಲ್ಲ ಒಂದು ತರಹ ಪ್ರೀತಿಯಿಂದ ನಗುತ್ತಿದ್ದರು. ನನ್ನ ಕೆಲಸ ಮೆಚ್ಚಿ ನಗುತ್ತಾರೆಂದುಕೊಂಡೆ. ವರ್ಷ ತುಂಬುವ ಹೊತ್ತಿಗೆ ತಿಳಿಯಿತು, ಈ ಸೀಮೆಯಲ್ಲಿ ನ್ಯಾನ್ ಎಂದರೆ ಅಜ್ಜಿ. ಮೀಸೆ ಇಟ್ಟುಕೊಂಡು ಅಜ್ಜಿಯಾಗಿ ಒಂದು ವರ್ಷ ಓಡಾಡಿದ್ದೆ. ತಿದ್ದಲು ಹೋದರೆ ಇನ್ನೂ ಅಂಟಿಕೊಳ್ಳುತ್ತದೆ ಎಂದು ಸುಮ್ಮನಾದೆ.

ಇನ್ನು ವಿಮಾನ ನಿಲ್ದಾಣ. ಸ್ಲೈಗೋ ಕಡೆಯ ನಮ್ಮ ಸಣ್ಣ ಊರಿಗೆ ಒಂದು ವಿಮಾನ ನಿಲ್ದಾಣವಿತ್ತು, ಅದನ್ನು ನಡೆಸುತ್ತಿದ್ದದ್ದು ಊರಿನ ಮುನಿಸಿಪಾಲ್ಟಿ. ಡೆನಿಸ್ ಇದನ್ನು ಹೇಳಿದಾಗ ನಾನು ನಂಬಲಿಲ್ಲ. ನನ್ನ ಲೆಕ್ಕದಲ್ಲಿ ಮುನಿಸಿಪಾಲ್ಟಿ ಎಂದರೆ ಮೋರಿ, ಬೀದಿ ನಲ್ಲಿ, ನಾಯಿ ಹಿಡಿಯುವ ಗಾಡಿ, ಜನನ ಪತ್ರದಲ್ಲಿ ತಪ್ಪು ಹೆಸರು. ವಿಮಾನ ಹಾರಿಸುವ ಮುನಿಸಿಪಾಲ್ಟಿಯನ್ನು ನಾನು ಕೇಳಿರಲಿಲ್ಲ. ನೋಡಿದ ಮೇಲೆ ಸಮಾಧಾನವಾಯಿತು. ಅದು ನಮ್ಮ ಕಡೆಯ ತಾಲ್ಲೂಕು ಬಸ್ ಸ್ಟ್ಯಾಂಡಿನಷ್ಟೇ ಇತ್ತು, ಕಡಲೆಕಾಯಿ ಮಾರುವವರು ಇರಲಿಲ್ಲ ಅಷ್ಟೇ. ಒಂದು ರನ್‌ವೇ, ಅದರ ಎರಡೂ ಕಡೆ ಕುರಿ. ಒಂದು ಬಾಗಿಲು. ಬಾಗಿಲ ಮೇಲೆ ಒಂದು ಬೋರ್ಡು: ಒಂದು ಮುಖದಲ್ಲಿ ನಿರ್ಗಮನ, ತಿರುಗಿಸಿದರೆ ಆಗಮನ. ವಿಮಾನ ಇಳಿಯುವ ಸದ್ದು ಕೇಳಿದ ಕೂಡಲೇ ಶೇಮಸ್ ಎಂಬುವನು ಸ್ಟೂಲು ಹತ್ತಿ ಬೋರ್ಡು ತಿರುಗಿಸುತ್ತಿದ್ದ. ಈ ಶೇಮಸ್ಸೇ ಕ್ಯಾಪು ಹಾಕಿಕೊಂಡು ಟಿಕೆಟ್ ನೋಡುವನು, ಕ್ಯಾಪು ತೆಗೆದು ಪೆಟ್ಟಿಗೆ ಹೊರುವನು, ಹಳದಿ ಕೋಟು ತೊಟ್ಟು ವಿಮಾನಕ್ಕೆ ಕೈ ಬೀಸುವನು. ಡಬ್ಲಿನ್ನಿಗೆ ಹೋಗಿಬರುವ ಆ ಪುಟ್ಟ ವಿಮಾನದಲ್ಲಿ ಪ್ರಯಾಣಿಕರಿಗಿಂತ ಪೋಸ್ಟಿನ ಚೀಲಗಳೇ ಹೆಚ್ಚಿರುತ್ತಿದ್ದವು. ನಮ್ಮ ಡೇರೆ ಶೆಡ್ಡು ಅದರ ಬೇಲಿಗೆ ಅಂಟಿಕೊಂಡೇ ಇತ್ತು.

ನಡೆಯುತ್ತಿದ್ದಷ್ಟು ದಿನ ಯಾರೂ ಹತ್ತದ ವಿಮಾನ. ನಿಲ್ಲಿಸುತ್ತೇವೆ ಎಂದು ಮುನಿಸಿಪಾಲ್ಟಿ ನೋಟೀಸು ಅಂಟಿಸಿದ ಕೂಡಲೇ ಊರಿಗೆ ದುಃಖ ಒತ್ತರಿಸಿ ಬಂತು. ಕಡೆಯ ದಿನದ ಕಡೆಯ ವಿಮಾನಕ್ಕೆ ಎಲ್ಲ ಸೀಟೂ ಭರ್ತಿ. ಡಬ್ಲಿನ್ನಿನಲ್ಲಿ ಯಾರಿಗೂ ಕೆಲಸವಿರಲಿಲ್ಲ; ಹಾರಿಹೋಗಿ ಬಸ್ಸಿನಲ್ಲಿ ವಾಪಸ್ಸು ಬರುವುದಾಗಿ ಮಾತಾಡಿಕೊಂಡಿದ್ದರು.

ಅದರ ಹಿಂದಿನ ದಿನ ಬಿರುಗಾಳಿ. ಮಾರನೇ ಬೆಳಿಗ್ಗೆ ಶೇಮಸ್ ಏದುಸಿರು ಬಿಡುತ್ತ ಶೆಡ್ಡಿಗೆ ನುಗ್ಗಿದ. "ಸಾಕ್, ನ್ಯಾನ್, ಸಾಕ್" ಎಂದ. ಪಾಪ, ಇವನಿಗೂ ಸಾಕಾಗಿದೆ, ದುಃಖದಲ್ಲಿ ಕನ್ನಡವೇ ಬಂದುಬಿಟ್ಟಿದೆ ಎಂದುಕೊಂಡು ಕುರ್ಚಿ ಎಳೆದು ಕೊಟ್ಟೆ. ಅವನು ಕೂರಲಿಲ್ಲ.

"ಸಾಕ್ ಹರಿದು ಚಿಂದಿಯಾಗಿದೆ. ಎರಡು ಗಂಟೆಯೊಳಗೆ ಹೊಸದು ಬೇಕು."

ನಾನು ಅವನ ಕಾಲು ನೋಡಿದೆ. "ಒಂದು ಕಾಲಿಂದಾ, ಎರಡೂದಾ?"

"ಇರೋದೇ ಒಂದು."

"ಅಂಗಡೀಲಿ ಜೊತೇನೇ ಸಿಗತ್ತಲ್ಲ ಶೇಮಸ್."

"ಎಂಟು ಅಡಿ ಉದ್ದದ್ದು ಯಾವ ಅಂಗಡೀಲಿ ಸಿಗತ್ತೆ ಮಾರಾಯ," ಎಂದು ಅವನು ನನ್ನ ಭುಜ ಹಿಡಿದು ಕಿಟಕಿಯ ಹತ್ತಿರ ನಿಲ್ಲಿಸಿದ. ಆಗ ಕಂಬ ನೋಡಿದೆ. ವಿಮಾನ ನಿಲ್ದಾಣಗಳಲ್ಲಿ ಕಂಬದ ತುದಿಗೆ ಕಿತ್ತಳೆ ಬಣ್ಣದ ಒಂದು ಉದ್ದ ಚೀಲ ಕಟ್ಟಿರುತ್ತಾರಲ್ಲ, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ತೋರಿಸಲು, ಅದು. ಅದನ್ನು ಇವರು ಸಾಕ್, ಅಂದರೆ ಕಾಲುಚೀಲ ಎನ್ನುತ್ತಾರೆ. ಕಂಬದ ಮೇಲೆ ಕಬ್ಬಿಣದ ಬಳೆಯೂ ನಾಲ್ಕು ದಾರವೂ ಉಳಿದಿದ್ದವು. ಅದಿಲ್ಲದಿದ್ದರೆ ವಿಮಾನ ಇಳಿಯುವ ಹಾಗಿಲ್ಲ, ಕಡೆಯ ವಿಮಾನ ಮೇಲೆಯೇ ಸುತ್ತಿ ಹಿಂದಕ್ಕೆ ಹೋಗುತ್ತದೆ, ಊರೆಲ್ಲ ಬಾಗಿಲಲ್ಲಿ ನಿಂತಿರುತ್ತದೆ ಎಂದ.

ಡೆನಿಸ್ ವ್ಯಾನು ತೆಗೆದುಕೊಂಡು ದೂರದ ಮದುವೆಗೆ ಹೋಗಿದ್ದ. ಶೆಡ್ಡಿನಲ್ಲಿ ಇದ್ದದ್ದು ಡೇರೆಯ ದಪ್ಪ ಬಟ್ಟೆ; ಅದನ್ನು ಉಬ್ಬಿಸಲು ಬಿರುಗಾಳಿಯೇ ಮತ್ತೆ ಬರಬೇಕಿತ್ತು. ತೆಳ್ಳಗಿರಬೇಕು, ಕಿತ್ತಳೆ ಬಣ್ಣ ಇರಬೇಕು. ಅಂಥ ಬಟ್ಟೆ ಊರಿನಲ್ಲಿ ಒಂದೇ ಕಡೆ ಇತ್ತು, ಅದು ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಶಾರದಾಳಿಗೆ ಒಂದು ಕಿತ್ತಳೆ ಬಣ್ಣದ ಮೈಸೂರು ರೇಷ್ಮೆ ಸೀರೆಯಿದೆ. ಮೈಸೂರು ರೇಷ್ಮೆ ತೆಳು, ಒಳಗಿನ ಲಂಗದ ಬಣ್ಣ ಬೇರೆಯಾದರೆ ಹೊರಗೆ ಹೇಳಿಬಿಡುತ್ತದೆ. ಅದಕ್ಕೆಂದೇ ಅವಳು ರಜೆಗೆ ಹೋದಾಗ ಬೆಂಗಳೂರಿನಲ್ಲಿ ನಾಲ್ಕು ಅಂಗಡಿ ತಿರುಗಿ, ಸೆರಗನ್ನು ಬಟ್ಟೆಯ ಪಕ್ಕ ಹಿಡಿದು ಬೀದಿ ಬೆಳಕಿಗೆ ತಂದು ನೋಡಿ, ಎರಡು ಲಂಗಕ್ಕಾಗುವಷ್ಟು ಪಾಪ್ಲಿನ್ ಆರಿಸಿದ್ದಳು. ನನ್ನ ತಂಗಿ ಗಿರಿಜಾ ಅದನ್ನು ನೀರಿಗೆ ಹಾಕಿ ಒಣಗಿಸಿ ಪಾರ್ಸೆಲ್ ಕಳಿಸಿದ್ದಳು. ಪಾರ್ಸೆಲ್ ಬಂದು ಎರಡು ದಿನವಾಗಿತ್ತು. ಬಿಚ್ಚಿ ನೋಡಿದವನು ನಾನು. ಶಾರದಾ ಇನ್ನೂ ನೋಡಿರಲಿಲ್ಲ, ಆ ವಾರವೆಲ್ಲ ಅವಳಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಡಬಲ್ ಡ್ಯೂಟಿ.

ಆಮೇಲೆ ತರಿಸಿಕೊಟ್ಟರಾಯಿತು ಎಂದುಕೊಂಡೆ. ಎಲ್ಲ ಕಳ್ಳರೂ ಹಾಗೇ ಅಂದುಕೊಳ್ಳುತ್ತಾರೆ.

ಮನೆಗೆ ಓಡಿ ಬಟ್ಟೆ ತಂದು, ಶೆಡ್ಡಿನ ಮೇಜಿನ ಮೇಲೆ ಹಾಸಿ ನಿಂತೆ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು, ಎಂಟು ಅಡಿ ಉದ್ದ. ಇದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಕೈಗೆ ನನಗಿಂತ ಮೊದಲು ಗೊತ್ತಾಯಿತು. ಅದು ಆಗಲೇ ಆರು ಪೀಸು ಕತ್ತರಿಸುತ್ತಿತ್ತು. ವಿಮಾನಕ್ಕೆ ಗಾಳಿ ತೋರಿಸುವ ಚೀಲ ಎಂದರೆ ಒಬ್ಬ ಭಾರೀ ಎತ್ತರದ ಹೆಂಗಸಿನ ಒಳಲಂಗ, ಅಡ್ಡ ಮಲಗಿಸಿದ್ದು. ಇಂಜಿನಿಯರುಗಳು ಇದನ್ನು ಒಪ್ಪಲಿಕ್ಕಿಲ್ಲ.

ಮೂರು ಹೊಲಿಗೆ ಮಾವ ಚಂದ್ರಪ್ಪನೇ ಬಂದರೂ ಬೆರಳಿಡುವ ಹಾಗಿರಲಿಲ್ಲ. ನಾಲ್ಕನೆಯದರ ನಡುವೆ ಮೇಲೆ ವಿಮಾನದ ಸದ್ದು ಕೇಳಿಸಿತು. ಶೇಮಸ್ "ಬಂತು, ಬಂತು" ಎಂದು ನನ್ನ ಹಿಂದೆ ಕುಣಿದ. ಬಟ್ಟೆ ಒಂದು ಬೆರಳು ಜಾರಿತು, ಹೊಲಿಗೆ ತಿರುಚಿಕೊಂಡಿತು. ನಾನು ಬಿಚ್ಚಲು ಬ್ಲೇಡು ಎತ್ತಿದೆ. ಅವನು ನನ್ನ ಕೈ ಹಿಡಿದುಕೊಂಡು, "ಇಟ್ಸ್ ಗ್ರ್ಯಾಂಡ್, ನ್ಯಾನ್, ಗ್ರ್ಯಾಂಡ್" ಎಂದ. ಗ್ರ್ಯಾಂಡ್ ಎಂದರೆ ನಮ್ಮಲ್ಲಿ ಅದ್ದೂರಿ. ಇಲ್ಲಿ ಗ್ರ್ಯಾಂಡ್ ಎಂದರೆ 'ನಡೆಯುತ್ತೆ ಬಿಡು'. ನಡೆಯುತ್ತೆ ಬಿಡು ಎನ್ನುವ ಕೆಲಸ ನನ್ನ ಕೈಯಿಂದ ಅಲ್ಲಿಯವರೆಗೆ ಹೊರಗೆ ಹೋಗಿರಲಿಲ್ಲ. ಅಂದು ಹೋಯಿತು.

ವಿಮಾನ ಮೇಲೆ ಸುತ್ತು ಹಾಕುತ್ತಿದ್ದಂತೆಯೇ ಉಳಿದ ಎರಡನ್ನೂ ಮುಗಿಸಿ, ಶೇಮಸ್ ಕಂಬದಿಂದ ಇಳಿಸಿ ತಂದಿದ್ದ ಬಳೆಯನ್ನು ಅಗಲದ ಬಾಯಿಗೆ ಸೇರಿಸಿ ಕೊಟ್ಟಾಗ ಅವನು ಕಿರಿದಾದ ತುದಿಯನ್ನು ತಿರುಗಿಸಿ ನೋಡಿ, "ಈ ದಾರ ಯಾಕೆ?" ಎಂದ. ಆಗ ನಾನೂ ನೋಡಿದೆ. ಸೊಂಟ ಇರಬೇಕಾದ ಜಾಗದಲ್ಲಿ ಅಚ್ಚುಕಟ್ಟಾಗಿ ಮಡಿಚಿ ಪಟ್ಟಿ ಹೊಲಿದು, ಬಿಳಿ ಲಾಡಿಯನ್ನೂ ಪೋಣಿಸಿ, ಎರಡು ತುದಿಗೂ ಗಂಟು ಹಾಕಿಬಿಟ್ಟಿದ್ದೆ. ಕೈ ಮಾವನ ಮಾತು ಮರೆತಿರಲಿಲ್ಲ.

"ಬೇಕಾಗತ್ತೆ" ಎಂದೆ. ಬೇರೇನು ಹೇಳಲಿ?

ವಿಮಾನ ಇಳಿಯಿತು. ಶಾರದಾಳ ಲಂಗ ಕಂಬದ ಮೇಲೆ ತುಂಬಿ ನಿಂತು, ನಾಲ್ಕನೇ ಹೊಲಿಗೆಯ ದೆಸೆಯಿಂದ ಕತ್ತು ಉಳುಕಿದವರ ಹಾಗೆ ಸ್ವಲ್ಪ ಎಡಕ್ಕೆ ವಾಲಿಕೊಂಡು, ಲಾಡಿಯ ಎರಡು ತುದಿ ಪಟಪಟ ಆಡಿಸುತ್ತ, ಗಾಳಿ ಎಲ್ಲಿಂದ ಬರುತ್ತಿದೆ ಎಂದು ಸರಿಯಾಗಿಯೇ ತೋರಿಸಿತು. ಜನ ಅತ್ತರು, ಹತ್ತಿದರು, ಹಾರಿದರು. ಸಂಜೆ ಎಲ್ಲರೂ ಬಸ್ಸಿನಲ್ಲಿ ಬಂದರು. ಶೇಮಸ್ ಕಾಲುಚೀಲವನ್ನು ಇಳಿಸಿ, ಹಳೆಯ ಫೋಟೋಗಳಿದ್ದ ಒಂದು ಟ್ರಂಕಿಗೆ ತುರುಕಿ, ಬೋರ್ಡನ್ನು ನಿರ್ಗಮನದ ಕಡೆ ತಿರುಗಿಸಿ ಬೀಗ ಹಾಕಿದ. ಮುಂದಿನ ವರ್ಷ ಅವನೂ ಮಗಳ ಹತ್ತಿರ ಆಸ್ಟ್ರೇಲಿಯಾಕ್ಕೆ ಹೋದ.

ಪಾರ್ಸೆಲ್ ವಿಷಯವನ್ನು ಶಾರದಾ ಮೂರನೇ ದಿನ ಕೇಳಿದಳು. "ಲಂಗದ ಬಟ್ಟೇನೇ ಇಲ್ವಲ್ಲ ಇದ್ರಲ್ಲಿ. ನಿಮ್ಮ ತಂಗಿ ಒಳಗೆ ಹಾಕ್ಕೊಂಡ್ಲು." ಇಲ್ಲ ಎನ್ನಲು ಬಾಯಿ ತೆರೆದೆ. ತೆರೆದ ಬಾಯಿಗೆ ಅವಳು ಗಿರಿಜಾ ಕಳಿಸಿದ ಕೋಡುಬಳೆ ಇಟ್ಟಳು. ಅಗಿದು ನುಂಗುವಷ್ಟರಲ್ಲಿ ಸಮಯ ಮೀರಿತ್ತು. ಸಮಯ ಹಾಗೇ ಮೀರುತ್ತ ಒಂಬತ್ತು ವರ್ಷ ಆಯಿತು.

ಈ ದೇಶದಲ್ಲಿ ಒಂದು ವಸ್ತು ಪರಂಪರೆ ಎನ್ನಿಸಿಕೊಳ್ಳಬೇಕಾದರೆ ಮೊದಲು ಯಾರಿಗೂ ಬೇಡವಾಗಬೇಕು. ಆಮೇಲೆ ಎಲ್ಲರೂ ಮರೆಯಬೇಕು. ಅಷ್ಟು ವರ್ಷ ನಮ್ಮ ರನ್‌ವೇ ಕಾರು ಕಲಿಯುವವರಿಗೂ ಕುರಿಗಳಿಗೂ ಉಪಯೋಗಕ್ಕೆ ಬಂತು. ಭಾನುವಾರ ನಮ್ಮ ಹುಡುಗರು ಲೀಕ್ಸ್‌ಲಿಪ್‌ನಿಂದ ಬಂದು ಅಲ್ಲಿ ಕ್ರಿಕೆಟ್ ಆಡುತ್ತಿದ್ದರು. ಚೆಂಡು ಕುರಿಗೆ ತಗುಲಿದರೆ ನಾಲ್ಕು ರನ್ನು. ಡೆನಿಸ್ ತೀರಿಕೊಂಡ ಮೇಲೆ ನಾನು ಪೇಟೆಬೀದಿಯಲ್ಲಿ ಸ್ವಂತ ಅಂಗಡಿ ಇಟ್ಟೆ. ಬೋರ್ಡಿನ ಮೇಲೆ ನ್ಯಾನ್ಸ್ ಎಂದು ಬರೆಸಿದೆ. ಅಜ್ಜಿಯ ಅಂಗಡಿ ಎಂದು ಜನ ನಂಬಿಕೆಯಿಂದ ಬರುತ್ತಾರೆ.

ಕಳೆದ ವರ್ಷ ಅಂಗಡಿಗೆ ಎತ್ತರದ ಒಬ್ಬ ಮುದುಕಿ ಬಂದಳು. "ನಾನು ಈವ್‌ಲಿನ್. ರಿಟೈರ್ಡ್ ಟೀಚರ್" ಎಂದಳು. ನಾನು ಎದ್ದು ನಿಂತೆ. ಕೂತುಕೊಳ್ಳಿ ಎಂದಳು. ಕೂರಲಾಗಲಿಲ್ಲ. ಆಕೆ ಬೇರೆ ಜಿಲ್ಲೆಯಲ್ಲಿ ಪಾಠ ಹೇಳಿ ನಿವೃತ್ತಿಯಾಗಿ ಊರಿಗೆ ಬಂದವಳು, ಈಗ ಪರಂಪರೆ ಸಮಿತಿಯ ಮುಖ್ಯಸ್ಥೆ. ಹಳೆಯ ವಿಮಾನ ನಿಲ್ದಾಣದಲ್ಲಿ ಒಂದು ಸಣ್ಣ ಮ್ಯೂಸಿಯಂ ಮಾಡುತ್ತಿದ್ದೇವೆ, ಗಾಜಿನ ಪೆಟ್ಟಿಗೆಗೆ ಕಪ್ಪು ಬಟ್ಟೆಯ ಹಾಸು ಹೊಲಿದುಕೊಡಿ ಎಂದಳು. ಅಳತೆಗೆ ಹೋದೆ.

ಟಿಕೆಟ್ ಕೌಂಟರಿನ ಮೇಲೆ ಪೆಟ್ಟಿಗೆ ತೂಗುವ ತಕ್ಕಡಿ, ಟೀ ಕೆಟಲ್ಲು, ಎರಡು ಮುಖದ ಬೋರ್ಡು ಎಲ್ಲವನ್ನೂ ಒರೆಸಿ ಇಟ್ಟಿದ್ದರು. ನಡುವಿನ ಮೇಜಿನ ಮೇಲೆ, ತೆಳ್ಳನೆ ಕಾಗದದ ಮೇಲೆ, ಹೆರಿಗೆಯಾದ ಕೂಸಿನ ಹಾಗೆ ನನ್ನ ಕಾಲುಚೀಲ ಮಲಗಿತ್ತು. ನಾನು ಕೈ ಚಾಚಿದೆ.

"ಮುಟ್ಟಬೇಡಿ," ಎಂದಳು ಈವ್‌ಲಿನ್. ಅವಳ ಕೈಯಲ್ಲಿ ಬಿಳಿ ಗವಸು ಇತ್ತು. "ಇದು ನಮ್ಮ ಮುಖ್ಯ ವಸ್ತು. ನಿಲ್ದಾಣ ಶುರುವಾದ ಕಾಲದ್ದು. ಟ್ರಂಕಿನಲ್ಲಿ ಆ ಕಾಲದ ಫೋಟೋಗಳ ಜೊತೆಗೇ ಸಿಕ್ಕಿತು. ನೋಡಿ, ಹತ್ತಿ ಬಟ್ಟೆ. ಈಚಿನವೆಲ್ಲ ನೈಲಾನು. ಊರಿನ ಹೆಂಗಸರು ಕಾಲಿನ ಮಿಷನ್ನಿನಲ್ಲಿ ಹೊಲಿದಿರಬೇಕು. ಮತ್ತೆ ಈ ದಾರ ನೋಡಿದಿರಾ? ಗಾಳಿ ಜೋರಾದಾಗ ಬಾಯಿ ಬಿಗಿ ಮಾಡಲು. ಇಂಥ ಉಪಾಯ ಬೇರೆ ಯಾವ ವಿಮಾನ ನಿಲ್ದಾಣದಲ್ಲೂ ಇಲ್ಲ, ವಿಚಾರಿಸಿದ್ದೇನೆ."

ಇರಲು ಸಾಧ್ಯವಿಲ್ಲ ಎಂದು ನನಗೂ ಗೊತ್ತಿತ್ತು. ಆದರೆ ನನ್ನ ಕಣ್ಣು ಬೇರೆಲ್ಲೂ ಹೋಗಲಿಲ್ಲ, ನಾಲ್ಕನೇ ಹೊಲಿಗೆಯ ಮೇಲೆಯೇ ಇತ್ತು.

"ಟೀಚರ್, ಇದೊಂದು ಹೊಲಿಗೆ ಸರಿಯಿಲ್ಲ. ಬಿಚ್ಚಿ ಹಾಕಿಕೊಡ್ತೀನಿ. ಹತ್ತು ನಿಮಿಷ."

ಕೂಸಿನ ಕಾಲು ಮುರಿಯುತ್ತೇನೆ ಎಂದವನನ್ನು ನೋಡುವ ಹಾಗೆ ಅವಳು ನನ್ನನ್ನು ನೋಡಿದಳು. "ಅದೇ ಇದರ ಚೆಲುವು" ಎಂದಳು.

ಈಗ ನನ್ನ ಸಂಕಟ ನೋಡಿ. 'ಇದು ನನ್ನದು' ಎಂದರೆ, ಐವತ್ತು ವರ್ಷ ಸೂಜಿ ಹಿಡಿದವನು ಮಾಡಿದ ಸಾವಿರಾರು ಕೆಲಸಗಳಲ್ಲಿ ಅತಿ ಕೆಟ್ಟದ್ದನ್ನು ನನ್ನದು ಎಂದು ಒಪ್ಪಿಕೊಂಡ ಹಾಗೆ. ಜೊತೆಗೆ ಲಂಗದ ವಿಷಯ ಹೊರಗೆ ಬರುತ್ತದೆ. ಸುಮ್ಮನಿದ್ದರೆ, ನನ್ನ ಕೈಯ ಒಂದೇ ಒಂದು ಕೆಲಸ ಗಾಜಿನೊಳಗೆ ಹೋಗುತ್ತಿದೆ, ಅದರ ಮೇಲೆ ನನ್ನ ಹೆಸರಿಲ್ಲ. ಈ ಊರಿನಲ್ಲಿ ನನ್ನ ಪೂರ್ತಿ ಹೆಸರು ಬರೆದ ಜಾಗ ಒಂದೂ ಇರಲಿಲ್ಲ. ಅಂಗಡಿಯ ಮೇಲೂ ಅಜ್ಜಿಯೇ. ಬೇಕು ಅನ್ನಿಸಿತು. ಬೇಡವೂ ಅನ್ನಿಸಿತು. ಹಾಸು ಹೊಲಿದೆ. ಒಂದೊಂದು ಹೊಲಿಗೆಯನ್ನೂ ಕೋಲಿಟ್ಟು ಎಳೆದ ಹಾಗೆ ಹೊಲಿದೆ. ಅದನ್ನು ಯಾರೂ ನೋಡುವುದಿಲ್ಲ, ಅದರ ಮೇಲೆ ಆ ಕಾಲುಚೀಲ ಮಲಗಿರುತ್ತದೆ.

ಉದ್ಘಾಟನೆಗೆ ಹೊರಡುವಾಗ ಶಾರದಾ ಕಿತ್ತಳೆ ಮೈಸೂರು ರೇಷ್ಮೆ ಉಟ್ಟಳು. ಕನ್ನಡಿಯ ಮುಂದೆ ತಿರುಗಿ, "ಒಳಗೆ ಬಿಳಿ ಲಂಗ ಕಾಣಿಸ್ತಾ ಐತೆ. ಅದೊಂದು ಬಟ್ಟೆ ಇದ್ದಿದ್ರೆ" ಎಂದಳು.

"ಶಾರದಾ, ಒಂದು ಮಾತು."

"ನಿಮ್ಮ ತಂಗಿ ಬಗ್ಗೆ ಆದ್ರೆ ಬೇಡ. ಒಳ್ಳೇ ದಿನ."

ಬೇರೆ ಸೀರೆ ಉಟ್ಟುಕೋ ಎನ್ನಲು ನನಗೆ ಧೈರ್ಯವಿರಲಿಲ್ಲ.

ಊರಿಗೆ ಊರೇ ಬಂದಿತ್ತು. ನಮ್ಮವರ ಪೈಕಿ ಸ್ಲೈಗೋ ಆಸ್ಪತ್ರೆಯ ಡಾಕ್ಟರ್ ಸುಮಾ ಬಂದಿದ್ದಳು. ಹುಬ್ಬಳ್ಳಿಯಲ್ಲಿ ಓದಿದ ಹುಡುಗಿ, ನನ್ನನ್ನು ಅಂಕಲ್ ಎನ್ನುತ್ತಾಳೆ. ಈವ್‌ಲಿನ್ ಗಾಜಿನ ಪೆಟ್ಟಿಗೆಯ ಪಕ್ಕ ನಿಂತು ಭಾಷಣ ಮಾಡಿದಳು. ಒಳ್ಳೆಯ ಭಾಷಣ, ಟೀಚರ್ ಅಲ್ಲವೇ. ನಿಲ್ದಾಣ, ಗಾಳಿ, ಊರಿನ ಹೆಂಗಸರು, ಲಾಡಿಯ ಉಪಾಯ ಎಲ್ಲ ಆಯಿತು. ಕೊನೆಗೆ, "ಈ ನಾಲ್ಕನೇ ಹೊಲಿಗೆಯನ್ನು ಗಮನಿಸಿ. ಹೊಲಿಯಲು ಬಾರದ ಯಾವುದೋ ಕೈ ಬರೀ ಪ್ರೀತಿಯಿಂದ ಹೊಲಿದಿದೆ" ಎಂದಳು. ಜನ ಚಪ್ಪಾಳೆ ತಟ್ಟಿದರು.

ಹೊಲಿಯಲು ಬಾರದ ಕೈ.

ಅಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. ಶಾರದಾ ಗಾಜಿಗೆ ಮೂಗು ತಾಗಿಸಿ ನಿಂತಿದ್ದಳು.

"ರೀ. ಇದರಲ್ಲಿ ಲಾಡಿ ಪಟ್ಟಿ ಐತೆ."

"ಮೆಲ್ಲಗೆ."

"ಆರು ಪೀಸು ಐತೆ."

"ಶಾರದಾ."

"ಹೊರಗೆ ಬಣ್ಣ ಹೋಗೈತೆ. ಪಟ್ಟಿ ಮಡಿಕೆ ಒಳಗೆ ನೋಡ್ರಿ." ಟ್ರಂಕಿನ ತೇವ, ಧೂಳು ತಾಗದ ಆ ಮಡಿಕೆಯೊಳಗೆ ಬಟ್ಟೆ ಅಂಗಡಿಯಲ್ಲಿ ಆರಿಸಿದ ದಿನದಷ್ಟೇ ಹೊಸದಾಗಿತ್ತು. ಅವಳು ತನ್ನ ಸೆರಗಿನ ತುದಿ ಎತ್ತಿ ಗಾಜಿನ ಪಕ್ಕ ಹಿಡಿದಳು, ಬೆಂಗಳೂರಿನ ಅಂಗಡಿಗಳಲ್ಲಿ ಹಿಡಿದ ಹಾಗೆಯೇ. ಎರಡೂ ಒಂದೇ ಬಣ್ಣ. "ಇದು ನನ್ನ ಲಂಗದ ಬಟ್ಟೆ ಅಲ್ವೇನ್ರೀ" ಎಂದಳು. ಚಪ್ಪಾಳೆ ನಿಂತ ಹೊತ್ತಾದ್ದರಿಂದ ಎಲ್ಲರಿಗೂ ಕೇಳಿಸಿತು.

ಈವ್‌ಲಿನ್ ನನ್ನ ಕಡೆ ತಿರುಗಿದಳು. "ನಿಮ್ಮ ಹೆಂಡತಿ ಏನೋ ಗುರುತಿಸಿದ ಹಾಗಿದೆ. ಏನು ಹೇಳ್ತಿದ್ದಾರೆ?"

ಎರಡು ಭಾಷೆಯ ನಡುವೆ ನಿಂತವನಿಗೆ ಇರುವ ಅನುಕೂಲ ನಿಮಗೆ ಗೊತ್ತು. ಬಹಳ ಚೆನ್ನಾಗಿದೆ ಎನ್ನುತ್ತಾಳೆ, ಎಂದರೆ ಮುಗಿಯುತ್ತಿತ್ತು. ಡಾಕ್ಟರ್ ಸುಮಾ ನಗು ಕಚ್ಚಿ ಹಿಡಿದುಕೊಂಡು, "ಹೇಳ್ರಿ ಅಂಕಲ್, ನಾನೂ ಕೇಳ್ತೀನಿ" ಎಂದಳು. ಆದರೂ ಸುಳ್ಳು ಹೇಳುತ್ತಿದ್ದೆನೇನೋ. ಆ 'ಬಾರದ ಕೈ' ಇರದಿದ್ದರೆ.

"ಇದು ಒಳಲಂಗ, ಟೀಚರ್" ಎಂದೆ. "ಆರು ಪೀಸಿಂದು. ಬಟ್ಟೆ ಇವಳದು, ಹೇಳದೆ ತಗೊಂಡಿದ್ದು ನಾನು. ಕಡೇ ವಿಮಾನದ ದಿನ ಹೊಲಿದೆ. ಆ ದಾರ ಉಪಾಯ ಅಲ್ಲ, ಅಭ್ಯಾಸ. ಹೊಲಿಯೋಕೆ ನನಗೆ ಬರತ್ತೆ. ಐದು ನೆಟ್ಟಗಿವೆ, ಎಣಿಸಿ."

ಈವ್‌ಲಿನ್ ಕನ್ನಡಕ ಹಾಕಿಕೊಂಡು, ಬಾಗಿ, ನಿಜವಾಗಿಯೂ ಎಣಿಸಿದಳು. ಆಮೇಲೆ ಕೇಳಿದಳು: "ಅಳತೆಗೆ ಬಂದಾಗಲೇ ಯಾಕೆ ಹೇಳಲಿಲ್ಲ?"

ನಾನು ಆರನೇ ಕ್ಲಾಸಿನ ಬೆಂಚಿನ ಪಕ್ಕ ನಿಂತ ಹಾಗೆ ನಿಂತಿದ್ದೆ. "ನಾಲ್ಕನೇ ಹೊಲಿಗೆ, ಟೀಚರ್."

ಅವಳ ಮುಖದಲ್ಲಿ ಏನೋ ಸಡಿಲವಾಯಿತು. ಹಿಂದಿನಿಂದ ಯಾರೋ "ಒಳಲಂಗ ನೋಡಿಕೊಂಡು ಇಳಿಸಿದರಂತೆ ವಿಮಾನಾನ" ಎಂದರು, ಇಡೀ ಕೋಣೆ ನಕ್ಕಿತು, ಅವಳೂ ನಕ್ಕಳು. ನಕ್ಕು ಮುಗಿದ ಮೇಲೆ ಪೆಟ್ಟಿಗೆಯ ಮುಂದಿನ ಕಾರ್ಡನ್ನು ತೆಗೆದು, ತಿರುಗಿಸಿ, ಪೆನ್ಸಿಲ್ ಹಿಡಿದು, "ಪೂರ್ತಿ ಹೆಸರು ಹೇಳಿ. ನ್ಯಾನ್ ಅಲ್ಲ" ಎಂದಳು. ಒಂದೊಂದೇ ಅಕ್ಷರ ಹೇಳಿದೆ. ಬರೆದದ್ದನ್ನು ಗಟ್ಟಿಯಾಗಿ ಓದಿದಳು. ತಪ್ಪಿತ್ತು. ತಿದ್ದಿದೆ. ಟೀಚರನ್ನು ತಿದ್ದಿದ್ದು ಜೀವನದಲ್ಲಿ ಅದೊಂದೇ ಸಲ.

"ಈಗಲಾದರೂ ಬಿಚ್ಚಿ ಹೊಲೀಲಾ?" ಎಂದು ಕೇಳಿದೆ.

"ಈಗಂತೂ ಮುಟ್ಟೋ ಹಾಗೇ ಇಲ್ಲ. ಯಾರು ಹೊಲಿದಿದ್ದು ಅಂತ ಗೊತ್ತಾಯಿತಲ್ಲ" ಎಂದಳು.

ಮನೆಗೆ ಬರುವ ದಾರಿಯಲ್ಲಿ ಶಾರದಾ ಕಾರಿನಲ್ಲೇ ಬೆಂಗಳೂರಿಗೆ ಫೋನ್ ಹಚ್ಚಿದಳು. "ಗಿರಿಜಾ, ಆ ಲಂಗದ ಬಟ್ಟೆ ಸಿಕ್ತಮ್ಮ. ಹೂಂ, ಇಷ್ಟು ವರ್ಷ ಆದ್ಮೇಲೆ. ಎಲ್ಲಿತ್ತಾ? ಗಾಜಿನ ಡಬ್ಬದಲ್ಲಿ. ನನ್ದೇ ತಪ್ಪು, ನಿನ್ ಮೇಲೆ ಏನೇನೋ ಅಂದ್ಕೊಂಡಿದ್ದೆ. ತಗೋ, ನಿಮ್ಮಣ್ಣ ಮಾತಾಡ್ತಾರಂತೆ." ಫೋನನ್ನು ನನ್ನ ಕಿವಿಗೆ ಒತ್ತಿ ಹಿಡಿದಳು. ನಾನು ಕಾರು ನಿಲ್ಲಿಸಿ, ತಂಗಿಯ ಹತ್ತಿರ ಏನು ಹೇಳಬೇಕೋ ಹೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಹೊಸ ಕಾರ್ಡು ಅಚ್ಚಾಗಿ ಬಂದಿದೆ. ಅದರಲ್ಲಿ ಶಾರದಾಳ ಹೆಸರು ಮೊದಲಿದೆ, ಏಕೆಂದರೆ ಬಟ್ಟೆ ಮೊದಲು, ಹೊಲಿಗೆ ಆಮೇಲೆ ಎಂದು ಅವಳು ಈವ್‌ಲಿನ್‌ಗೆ ಸನ್ನೆಯಲ್ಲೇ ತಿಳಿಸಿ ಒಪ್ಪಿಸಿದಳು. ಕೆಳಗೆ ನಂಜುಂಡ, ಟೈಲರ್ ಎಂದಿದೆ. ಅಂಗಡಿಗೆ ಬರುವವರು ಈಗ ಆ ಹೆಸರನ್ನು ಹೇಳಲು ಯತ್ನಿಸಿ, ಅರ್ಧಕ್ಕೆ ಸೋತು ನ್ಯಾನ್ ಎನ್ನುತ್ತಾರೆ. ಗ್ರ್ಯಾಂಡ್ ಎನ್ನುತ್ತೇನೆ, ಇಲ್ಲಿಯ ಅರ್ಥದಲ್ಲಿ.

ಭಾನುವಾರ ಯಾರಾದರೂ ನಮ್ಮವರು ಬಂದರೆ ಶಾರದಾ ಅವರನ್ನು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗುತ್ತಾಳೆ. ನಾನೂ ಹೋಗುತ್ತೇನೆ. ಪೆಟ್ಟಿಗೆಯ ಎಡಗಡೆ, ನಾಲ್ಕನೇ ಹೊಲಿಗೆ ಕಾಣುವ ಜಾಗದಲ್ಲಿ, ಗಾಜಿಗೆ ಭುಜ ಅಡ್ಡ ಕೊಟ್ಟು ನಿಂತು, ಬಂದವರಿಗೆ ಉಳಿದ ಐದನ್ನೂ ಒಂದೊಂದಾಗಿ ತೋರಿಸುತ್ತೇನೆ. ಎಲ್ಲ ತೋರಿಸಿ ಮುಗಿಯುವವರೆಗೆ ಅವಳು ಸುಮ್ಮನಿರುತ್ತಾಳೆ. ಆಮೇಲೆ ನನ್ನ ಮೊಣಕೈ ಹಿಡಿದು ಹೇಳುತ್ತಾಳೆ:

"ಸ್ವಲ್ಪ ಈ ಕಡೆ ಬನ್ರೀ. ಅವರು ನೋಡೋಕೆ ಬಂದಿರೋದು ಅದನ್ನೇ."